ಫೈಲ್ ಸಂಸ್ಥೆಯದೋ, ವ್ಯಕ್ತಿಯದೋ?

ಒಂದು ಸಣ್ಣ ಸೇವಾ ಸಂಸ್ಥೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಸಂಬಳ ಇಲ್ಲ, ಫೋನ್ ಕರೆಗಳಿಗೆ ಮಾತ್ರ ಬರ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್‌ಗಳು, ನಿಂತಿತಲ್ಲ, ಆ ಗಡುವು ಹತ್ತಿರ ಬರುತ್ತಿದ್ದ ಹಾಗೆ ಸಮಿತಿಯವರಿಗೆ ಅವಸರ ಶುರುವಾಯಿತು. 'ಎಲ್ಲಾ ಹೊಸದೇ ತಗೊಂಡುಬಿಡೋಣ' ಎಂದರು. ದುಡ್ಡಿದ್ದರೆ ಯಂತ್ರ ಬದಲಾಯಿಸುವುದು ದೊಡ್ಡ ಕೆಲಸವೇ ಅಲ್ಲ. ಆದರೆ ಹೊಸ ಯಂತ್ರಕ್ಕೆ ಹಳೇ ಗೊಂದಲವನ್ನೇ ತುಂಬಿದರೆ ಏನು ಬಂತು? ಮೊದಲು ಫೈಲ್‌ಗಳು ಎಲ್ಲೆಲ್ಲಿ ಇವೆ ಅಂತ ನೋಡೋಣ, ಆಮೇಲೆ ಯಂತ್ರದ ಮಾತು ಎಂದೆ.

ಸಿಕ್ಕಿದ್ದು ಹೀಗಿತ್ತು. ಲೆಕ್ಕಪತ್ರ ಎಲ್ಲ ಅಕೌಂಟ್ಸ್ ಮೇಡಂ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ. ಅನುದಾನದ ಅರ್ಜಿಗಳು ಕೆಲಸ ಬಿಟ್ಟು ಹೋದ ಸಂಯೋಜಕರೊಬ್ಬರ ಸ್ವಂತ ಜಿಮೇಲ್‌ನಲ್ಲಿ. ಸ್ವಯಂಸೇವಕರ ಪಟ್ಟಿಗೆ ಮೂರು ಪ್ರತಿ, ಮೂರರಲ್ಲೂ ಬೇರೆ ಬೇರೆ ಹೆಸರುಗಳು. ಎಲ್ಲಕ್ಕಿಂತ ಗಾಬರಿ ಆಗಿದ್ದು ವೆಬ್‌ಸೈಟಿನ ಡೊಮೇನ್, ಅಂದರೆ ಅದರ ಇಂಟರ್ನೆಟ್ ವಿಳಾಸದ ವಿಷಯದಲ್ಲಿ. ಅದನ್ನು ಯಾವುದೋ ಕಾಲದಲ್ಲಿ ಒಬ್ಬ ಸ್ವಯಂಸೇವಕ ತನ್ನ ಇಮೇಲ್ ಕೊಟ್ಟು ನೋಂದಾಯಿಸಿದ್ದರು. ನವೀಕರಣದ ನೆನಪೋಲೆಗಳು ಇವತ್ತಿಗೂ ಅವರಿಗೇ ಹೋಗುತ್ತಿದ್ದವು. ಅವರು ಒಳ್ಳೆಯವರು, ಪ್ರತಿ ವರ್ಷ ಸುಮ್ನೆ ತಮ್ಮ ಕೈಯಿಂದಲೇ ಕಟ್ಟುತ್ತಿದ್ದರು. ಒಂದು ವರ್ಷ ಮರೆತಿದ್ದರೆ ವೆಬ್‌ಸೈಟ್, ಇಮೇಲ್ ಎರಡೂ ಹೋಗುತ್ತಿದ್ದವು.

ಸಣ್ಣ ಸಂಸ್ಥೆಗಳ ತೊಂದರೆ ಹಳೇ ಕಂಪ್ಯೂಟರ್ ಅಲ್ಲ ಎನ್ನುವುದು ನನಗೆ ಖಚಿತವಾಗಿದ್ದು ಆಗಲೇ. ಸಂಸ್ಥೆಯದು ಅಂತ ಒಂದೂ ಖಾತೆ ಇರಲಿಲ್ಲ, ಎಲ್ಲವೂ ಯಾರೋ ಒಬ್ಬರದು.

ಫೈಲ್ ಹಂಚಿಕೊಳ್ಳಲು ಒಂದು ಏರ್ಪಾಡು ಇತ್ತು, ಇಲ್ಲ ಅನ್ನೋ ಹಾಗಿಲ್ಲ. ಮೇಡಂ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿಟ್ಟಿದ್ದರು. ಅವರು ರಜೆ ಹಾಕಿದ ದಿನ ಆಫೀಸಿಗೇ ರಜೆ, ಯಾಕೆಂದರೆ ಆ ಕಂಪ್ಯೂಟರ್ ಆನ್ ಆಗದಿದ್ದರೆ ಫೋಲ್ಡರೂ ಇಲ್ಲ. ಕರೆಂಟ್ ಹೋದರೆ ಇನ್ನೊಂದು ಫಜೀತಿ. ಎಕ್ಸೆಲ್ ಫೈಲ್ ತೆರೆದಾಗ ಅದರ ಪಕ್ಕದಲ್ಲೇ ~$ ಗುರುತಿನಿಂದ ಶುರುವಾಗುವ ಒಂದು ಸಣ್ಣ ಫೈಲ್ ಹುಟ್ಟುತ್ತದೆ, ಕಣ್ಣಿಗೆ ಕಾಣದ ಹಾಗೆ ಅಡಗಿರುತ್ತದೆ. ಯಾರು ತೆರೆದಿದ್ದಾರೆ ಅನ್ನುವುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಫೈಲ್ ಮುಚ್ಚಿದರೆ ತಾನೂ ಅಳಿಯುತ್ತದೆ. ಕಂಪ್ಯೂಟರ್ ಹಠಾತ್ತನೆ ಆರಿಹೋದರೆ ಅಳಿಸುವವರೇ ಇಲ್ಲ. ಮರುದಿನ ಬೇರೆಯವರು ತೆರೆಯಲು ಹೋದರೆ, ಮನೆಯಲ್ಲಿ ಕೂತಿರುವ ಯಾರದೋ ಹೆಸರು ಹೇಳಿ 'ಅವರು ಬಳಸುತ್ತಿದ್ದಾರೆ, ನೀವು ಓದಬಹುದು ಅಷ್ಟೇ' ಎನ್ನುತ್ತದೆ. ಆಗ ಜನ ಮಾಡುವುದು ಒಂದೇ: ಇನ್ನೊಂದು ಹೆಸರಲ್ಲಿ ಸೇವ್. ಫೈನಲ್, ಫೈನಲ್ ನ್ಯೂ, ಫೈನಲ್ ನ್ಯೂ ಕರೆಕ್ಟೆಡ್ ಎಲ್ಲ ಹುಟ್ಟಿದ್ದು ಹೀಗೆ. ನಾವು ಸೋಮಾರಿತನ ಅಂದುಕೊಂಡಿದ್ದೆವು, ಪಾಪ.

ಯಂತ್ರಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್‌ನಿಂದ ಮೇಲಿನದು ಬೇಕು. ಅಷ್ಟು ಯೋಗ್ಯತೆ ಇದ್ದವಕ್ಕೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಜಾಸ್ತಿ ಮಾಡಿ, ವಿಂಡೋಸ್ 11 ಹಾಕಿದೆ. ಎಸ್‌ಎಸ್‌ಡಿ ಒಂದರಿಂದಲೇ ಕಂಪ್ಯೂಟರ್ ಹೊಸದರಂತೆ ಓಡುತ್ತದೆ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಹೊಗಳಿಕೆ ಸಿಕ್ಕಿದ್ದು ಅದಕ್ಕೇ. ಉಳಿದವಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್. ಬ್ರೌಸರ್ ಮತ್ತು ವರ್ಡ್, ಎಕ್ಸೆಲ್ ಥರದ ಕೆಲಸಕ್ಕೆ ಲಿಬ್ರೆ ಆಫೀಸ್ ಇದ್ದರೆ ಸ್ವಯಂಸೇವಕರ ಕೆಲಸ ನಡೆಯುತ್ತದೆ. ಅಕೌಂಟ್ಸ್ ತಂತ್ರಾಂಶ ಮಾತ್ರ ವಿಂಡೋಸ್ ಬಿಟ್ಟು ಅಲ್ಲಾಡುವುದಿಲ್ಲ, ಹಾಗಾಗಿ ಮೇಡಂಗೆ ಒಂದು ಹೊಸದು ತಂದೆವು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಕಂಪ್ಯೂಟರ್ ಆದರೆ ಎಣಿಸಲೇಬೇಕು. ಕಂಪನಿಗಳು ತಾವು ಬಿಸಾಡುವುದನ್ನು ಸೇವಾ ಸಂಸ್ಥೆಗೆ ದಾನ ಅಂತ ಕಳಿಸುವುದುಂಟು. ಬೇಡ ಎನ್ನಲು ಸಂಕೋಚ, ಇಟ್ಟುಕೊಳ್ಳಲು ಜಾಗ ಇಲ್ಲ. ಈಗ ನಾವು ಪ್ರೊಸೆಸರ್ ಯಾವುದು ಅಂತ ಮೊದಲೇ ಕೇಳುತ್ತೇವೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಫೈಲ್‌ಗಳಿಗೆ ಆಫೀಸಿನಲ್ಲೇ ಒಂದು ಸರ್ವರ್ ಇಡೋಣ ಎಂದು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಅದು ಕೆಟ್ಟರೆ ರಿಪೇರಿಗೆ ಬರುವವನು ನಾನೊಬ್ಬನೇ, ನಾಳೆ ನಾನಿಲ್ಲದಿದ್ದರೆ ಅವರ ಗತಿ? ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಗೂಗಲ್ ತನ್ನ 'ವರ್ಕ್‌ಸ್ಪೇಸ್' ಅನ್ನು, ಅಂದರೆ ಸಂಸ್ಥೆಯ ಹೆಸರಲ್ಲಿ ಇಮೇಲ್ ಮತ್ತು ಫೈಲ್ ಇಡುವ ಡ್ರೈವ್ ಅನ್ನು, ಉಚಿತವಾಗಿ ಕೊಡುತ್ತದೆ. ಮೈಕ್ರೋಸಾಫ್ಟ್‌ನಲ್ಲೂ 300 ಬಳಕೆದಾರರವರೆಗೆ ಅಂಥದ್ದೇ ಬಿಸಿನೆಸ್ ಬೇಸಿಕ್ ಉಚಿತ ಇದೆ. ನೋಂದಣಿ ಪತ್ರ ಇಟ್ಟು ಅರ್ಜಿ ಹಾಕಬೇಕು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ವಾದ ಮಾಡುವುದು ವ್ಯರ್ಥ ಅನ್ನಿಸುತ್ತದೆ ನನಗೆ. ನಮ್ಮವರಿಗೆ ಜಿಮೇಲ್ ಕೈಗೆ ಹತ್ತಿತ್ತು, ಗೂಗಲ್‌ಗೆ ಹೋದೆವು.

ಅಲ್ಲಿ ಒಂದು ವಿಷಯ ಮೊದಲ ದಿನವೇ ಸರಿ ಮಾಡಿಕೊಳ್ಳಬೇಕು. 'ಮೈ ಡ್ರೈವ್' ಬೇರೆ, 'ಶೇರ್ಡ್ ಡ್ರೈವ್' ಬೇರೆ. ಮೈ ಡ್ರೈವ್‌ನಲ್ಲಿ ಹುಟ್ಟಿದ ಫೈಲ್ ಅದನ್ನು ಮಾಡಿದವರದು. ನೂರು ಜನಕ್ಕೆ ಹಂಚಿದ್ದರೂ ಮಾಲೀಕ ಅವರೇ. ಫೈಲ್‌ಗಳನ್ನು ಇನ್ನೊಬ್ಬರಿಗೆ ವರ್ಗಾಯಿಸದೆ ಅವರ ಖಾತೆ ಅಳಿಸಿದರೆ ಫೈಲ್‌ಗಳೂ ಹೋಗುತ್ತವೆ. ಅಳಿಸಿದ ಖಾತೆಯನ್ನು ಅಡ್ಮಿನ್ (ಎಲ್ಲ ಖಾತೆಗಳ ಉಸ್ತುವಾರಿ ನೋಡುವವರು) ಮರಳಿ ತರಲು ಇರುವುದು 20 ದಿನ ಅಷ್ಟೇ. ಶೇರ್ಡ್ ಡ್ರೈವ್‌ನಲ್ಲಿ ಇಟ್ಟ ಫೈಲ್ ಸಂಸ್ಥೆಯದು, ಜನ ಬಂದು ಹೋದರೂ ಅದು ಅಲ್ಲೇ ಇರುತ್ತದೆ. ಸ್ವಯಂಸೇವಕರಿಗೆ 'ಕಾಂಟ್ರಿಬ್ಯೂಟರ್' ಎಂಬ ಹಂತ ಕೊಟ್ಟರೆ ಫೈಲ್ ಸೇರಿಸಬಹುದು, ತಿದ್ದಬಹುದು, ಅಳಿಸಲು ಆಗುವುದಿಲ್ಲ. ನಮಗೆ ಬೇಕಿದ್ದದ್ದು ಇಷ್ಟೇ ಅಲ್ವಾ?

ಹಳೇ ಫೈಲ್‌ಗಳನ್ನೆಲ್ಲ ವಿಂಗಡಿಸಿ ಆಮೇಲೆ ಸಾಗಿಸೋಣ ಎಂಬ ಸಲಹೆಯನ್ನೂ ತಳ್ಳಿಹಾಕಿದೆ. ವಿಂಗಡಿಸುವ ಕೆಲಸ ಯಾವ ಕಾಲಕ್ಕೂ ಮುಗಿಯುವುದಿಲ್ಲ. ಹಳೆಯದನ್ನು ಇದ್ದ ಹಾಗೇ 'ಹಳೇದು' ಎಂಬ ಡ್ರೈವ್‌ಗೆ ಹಾಕಿ, ಎಲ್ಲರಿಗೂ ನೋಡುವ ಅನುಮತಿ ಮಾತ್ರ ಕೊಟ್ಟೆವು. ಬೇಕಾದಾಗ ಪ್ರತಿ ಮಾಡಿಕೊಳ್ಳಿ ಎಂದೆವು. ಹೊಸ ಫೈಲ್‌ಗಳಿಗೆ ಒಂದೇ ನಿಯಮ, ಹೆಸರಿನ ಶುರುವಲ್ಲಿ ವರ್ಷ, ತಿಂಗಳು, ದಿನ ಆ ಕ್ರಮದಲ್ಲಿ. ಆಗ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಮೇಡಂಗೆ ಇದು ಹಿಡಿಸಿರಲಿಲ್ಲ. 'ಇಂಟರ್ನೆಟ್ ಹೋದ್ರೆ ಏನ್ ಮಾಡೋದು ಸರ್?' ಎಂದು ಕೇಳಿದರು. ಎಲ್ಲರಿಗಿಂತ ಸರಿಯಾದ ಪ್ರಶ್ನೆ ಕೇಳಿದ್ದು ಅವರೇ. ಅವರ ಮುಖ್ಯ ಹಾಳೆಗಳನ್ನು ಆಫ್‌ಲೈನ್ ಮಾಡಿ, ವೈಫೈ ಆರಿಸಿ ತೋರಿಸಿದೆ. ಒಂದು ಸಾಲು ಬರೆದರು, ವೈಫೈ ಹಾಕಿದೆ, ನನ್ನ ಫೋನಿನಲ್ಲಿ ಆ ಸಾಲು ಬಂತು. ಆದರೂ ಪ್ರಿಂಟ್ ತೆಗೆದಿಡುವ ತಮ್ಮ ಅಭ್ಯಾಸವನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಿಲ್ಲ.

ಅಕೌಂಟ್ಸ್ ತಂತ್ರಾಂಶದ ಡೇಟಾ ಫೋಲ್ಡರನ್ನು ಮಾತ್ರ ಸಿಂಕ್ ಆಗುವ, ಅಂದರೆ ತಾನಾಗಿಯೇ ಡ್ರೈವ್‌ಗೆ ಪ್ರತಿಯಾಗುತ್ತಿರುವ, ಜಾಗದಲ್ಲಿ ಇಡಲಿಲ್ಲ. ತೆರೆದಿರುವ ಡೇಟಾಬೇಸನ್ನು ಸಿಂಕ್ ತಂತ್ರಾಂಶ ಮಧ್ಯದಲ್ಲಿ ಎಳೆದರೆ ಅರ್ಧಂಬರ್ಧ ಪ್ರತಿ ಆಗುತ್ತದೆ, ಡೇಟಾ ಕೆಡುತ್ತದೆ. ಅದು ಮೇಡಂ ಯಂತ್ರದಲ್ಲೇ ಇದೆ. ದಿನದ ಕೊನೆಗೆ ತಂತ್ರಾಂಶದ ಬ್ಯಾಕಪ್ ಗುಂಡಿ ಒತ್ತಿ, ಆ ಬ್ಯಾಕಪ್ ಫೈಲನ್ನು ಡ್ರೈವ್‌ಗೆ ಏರಿಸುತ್ತಾರೆ. ಸಿಂಕ್ ಆಗಿದೆ ಅಂದಮಾತ್ರಕ್ಕೆ ಬ್ಯಾಕಪ್ ಆಗಿದೆ ಎಂದಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಗೂಗಲ್ ಕಸದ ಬುಟ್ಟಿಯಲ್ಲಿ 30 ದಿನ ಇಟ್ಟು ಎಸೆಯುತ್ತದೆ. ಅದಕ್ಕೇ ಎರಡು ಹೊರಗಿನ ಡಿಸ್ಕ್ ಇವೆ. ಒಂದು ಆಫೀಸಿನ ಬೀರುವಿನಲ್ಲಿ, ಇನ್ನೊಂದು ಕಾರ್ಯದರ್ಶಿಯವರ ಮನೆಯಲ್ಲಿ. ಪ್ರತಿ ತಿಂಗಳು ಅದಲುಬದಲು. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡಿಸ್ಕ್ ಇದ್ದೂ ಇಲ್ಲದ ಹಾಗೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೆ ಅದಕ್ಕೂ ಬೀಗ ಹಾಕಿಬಿಡುತ್ತದೆ.

ಅಡ್ಮಿನ್ ಖಾತೆಗಳು ಎರಡು, ಇಬ್ಬರ ಕೈಯಲ್ಲಿ ಒಂದೊಂದು ಇದೆ, ಎರಡಕ್ಕೂ ಎರಡು ಹಂತದ ಪರಿಶೀಲನೆ ಕಡ್ಡಾಯ. ಡೊಮೇನ್ ಸಂಸ್ಥೆಯ ಹೆಸರಿಗೆ ಬಂತು, ಅದನ್ನು ಕಾಪಾಡಿದ ಆ ಹಳೇ ಸ್ವಯಂಸೇವಕರಿಗೆ ಬಾಕಿಯನ್ನೂ ಚುಕ್ತಾ ಮಾಡಿದೆವು.

ಫೋಟೋಗಳ ವಿಷಯ ಇನ್ನೂ ಬಗೆಹರಿದಿಲ್ಲ. ಎಲ್ಲರೂ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಲ್ಲಿ ಚಿತ್ರ ಕುಗ್ಗುತ್ತದೆ, ತೆಗೆದ ಜಾಗದ ಮಾಹಿತಿ ಹೋಗುತ್ತದೆ. ಉಳಿಯುವುದು ಐಎಂಜಿ, ತಾರೀಕು, ಡಬ್ಲ್ಯೂಎ, ಒಂದು ಸಂಖ್ಯೆ ಇಷ್ಟೇ ಇರುವ ಹೆಸರು. ಚಿತ್ರದಲ್ಲಿ ಮಕ್ಕಳಿದ್ದರೆ ಮನೆಯವರ ಒಪ್ಪಿಗೆ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯಬೇಕು? ಗೂಗಲ್ ಫಾರ್ಮ್ ಮಾಡಿ ನೋಡಿದೆವು. ಫೈಲ್ ಏರಿಸಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗಬೇಕು ಎನ್ನುತ್ತದೆ, ಅರ್ಧ ಜನ ಅಲ್ಲೇ ಕೈಬಿಟ್ಟರು. ಸದ್ಯಕ್ಕೆ ಒಬ್ಬ ಹುಡುಗಿ ಗುಂಪಿನಿಂದ ಫೋಟೋಗಳನ್ನು ಆರಿಸಿ, ಕಾರ್ಯಕ್ರಮದ ಹೆಸರು ಕೊಟ್ಟು, ಒಪ್ಪಿಗೆ ಪತ್ರ ಇರುವುದನ್ನು ಮಾತ್ರ ಡ್ರೈವ್‌ಗೆ ಹಾಕುತ್ತಿದ್ದಾಳೆ. ಅವಳಿಗೆ ಪರೀಕ್ಷೆ ಹತ್ತಿರ ಬರುತ್ತಿದೆ, ಬೇರೆ ಯಾರನ್ನಾದರೂ ಹುಡುಕಬೇಕು.