ಕಾಣೆ ಹಿಡಿಯುವ ದೋಣಿಗೆ ಕೋಲಿನ ಲಂಗರು: ಮೇ ತಿಂಗಳಿಂದ ನವೆಂಬರ್‌ವರೆಗೆ

ಮೇ, ಮೊದಲ ವಾರ

ಈ ಕೆಲಸಕ್ಕೆ ಕೈ ಹಾಕಿದ್ದು ಕಾಣೆ ಮೀನಿಗಾಗಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ನದಿ ಬಂದು ಸೇರುವ ಪಂಚಗಂಗಾವಳಿ ನಮ್ಮ ಮನೆಯಿಂದ ಹತ್ತಿರ. ಗಂಗೊಳ್ಳಿ ಅಳಿವೆಯಿಂದ ಒಳಗೆ ಬಂದರೆ ಕುದ್ರುಗಳ, ಅಂದರೆ ನದಿ ನಡುವಿನ ದ್ವೀಪಗಳ, ಅಂಚಿನಲ್ಲಿ ಮರಳಿನ ಜಾಗಗಳಿವೆ. ನೀರು ಮೂರು-ನಾಲ್ಕು ಅಡಿ ಅಷ್ಟೇ. ಕಾಣೆ ಇರುವುದು ಅಲ್ಲೇ. ಒಂದು ಸದ್ದಾದರೆ ಸಾಕು, ಮರಳಿನೊಳಗೆ ಹೊಕ್ಕು ಅಡಗುತ್ತದೆ.

ಅಂಥ ಜಾಗದಲ್ಲಿ ಇಷ್ಟು ದಿನ ಐದು ಕೆ.ಜಿ.ಯ ಕಬ್ಬಿಣದ ಲಂಗರನ್ನು ಚೈನು ಸಮೇತ ಇಳಿಸುತ್ತಿದ್ದೆ. ಎಷ್ಟು ಜೋಪಾನ ಮಾಡಿದರೂ ಚೈನು ದೋಣಿಯ ಅಂಚಿಗೆ ತಾಗುತ್ತದೆ. ಆಮೇಲೆ ಅರ್ಧ ಗಂಟೆ ಗಾಳ ಅಲುಗುವುದಿಲ್ಲ. ಹಗ್ಗದ ಕಷ್ಟ ಬೇರೆ. ಲಂಗರು ಕಚ್ಚಬೇಕಾದರೆ ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕು. ನಾಲ್ಕು ಅಡಿ ನೀರಿಗೆ ಇಪ್ಪತ್ತು ಅಡಿಗೂ ಜಾಸ್ತಿ ಹಗ್ಗ. ಗಾಳಿ ತಿರುಗಿದಾಗಲೆಲ್ಲ ದೋಣಿ ಅಷ್ಟು ದೂರ ಸುತ್ತುತ್ತದೆ. ಗಾಳ ಹಾಕಿದ ಜಾಗ ಒಂದು ಕಡೆ, ನಾನು ಇನ್ನೊಂದು ಕಡೆ.

ಬೇಕಾಗಿರುವುದು ನೆಲಕ್ಕೆ ಚುಚ್ಚಿ ನಿಲ್ಲುವ ಕೋಲು. ಅದು ದೋಣಿಗೆ ಗಟ್ಟಿಯಾಗಿ ಹೊಂದಬೇಕು, ಸದ್ದು ಮಾಡಬಾರದು.

ಮೇ, ಮೂರನೇ ವಾರ

ಮೊದಲು ನೋಡಿದ್ದು ಅಮೆರಿಕದ ವಿದ್ಯುತ್ ಲಂಗರುಗಳನ್ನು. ಎರಡು ಜಾತಿ ಇವೆ. ಫ್ಲೋರಿಡಾದ ಟ್ಯಾಂಪಾದಲ್ಲಿ ತಯಾರಾಗುವ ಪವರ್-ಪೋಲ್‌ನ ದೊಡ್ಡ ಮಾದರಿಗಳು ಮೊಣಕೈ ಬಿಚ್ಚಿದ ಹಾಗೆ ಹಿಂದಕ್ಕೆ ಚಾಚಿ ನೆಲ ಮುಟ್ಟುತ್ತವೆ. ಒಳಗೆ ಹೈಡ್ರಾಲಿಕ್ ಪಂಪು. ಮಿನ್ ಕೋಟಾದ ಟ್ಯಾಲನ್ ನೇರವಾಗಿ ಕೆಳಗಿಳಿಯುತ್ತದೆ, ಮೋಟರಿನಿಂದ. ಅದರಲ್ಲಿ 8 ಅಡಿಯಿಂದ 15 ಅಡಿವರೆಗೆ ಅಳತೆಗಳಿವೆ. ಗುಂಡಿ ಒತ್ತಿದರೆ ಆಯ್ತು. ನಿಜವಾಗಿಯೂ ಆಸೆ ಆಯಿತು.

ಆದರೆ ನನ್ನದು 16 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಎಂಜಿನ್. ಹಿಂದೆ ಎಂಜಿನ್, ಪೆಟ್ರೋಲ್ ಡಬ್ಬ, ನಾನು. ಅಲ್ಲೇ ಇನ್ನಷ್ಟು ಭಾರ, ಅದಕ್ಕೊಂದು ಬ್ಯಾಟರಿ ಸೇರಿಸಿದರೆ ಮೂತಿ ಮೇಲೇಳುತ್ತದೆ. ಬೆಲೆಯೂ ನನ್ನ ಎಂಜಿನ್ನಿನ ಬೆಲೆಗೆ ಪೈಪೋಟಿ ಕೊಡುತ್ತದೆ. ಹಾಳಾದರೆ ಕುಂದಾಪುರದಲ್ಲಿ ರಿಪೇರಿ ಮಾಡುವವರು ಯಾರು?

ಆ ಹುಡುಕಾಟ ಸುಮ್ನೆ ಹೋಗಲಿಲ್ಲ. ಪವರ್-ಪೋಲ್‌ನವರೇ ಸಣ್ಣ ದೋಣಿಗೆ ಅಂತ ಮಾಡಿದ ಮೈಕ್ರೋ ಮಾದರಿಯಲ್ಲಿ ನೆಲಕ್ಕೆ ಇಳಿಯುವುದು ಒಂದು ಸಾದಾ ಫೈಬರ್ ಗ್ಲಾಸ್ ಕೋಲು, ಸುಮಾರು ಎಂಟೂವರೆ ಅಡಿ ಉದ್ದದ್ದು. ಮೋಟರ್ ಮಾಡುವ ಕೆಲಸ ಅದನ್ನು ಇಳಿಸಿ ಎತ್ತುವುದು ಮಾತ್ರ. ಆ ಕೆಲಸಕ್ಕೆ ನನಗೆ ಎರಡು ಕೈ ಇವೆ.

ಕೋಲು ಯಾವುದು ಅನ್ನುವುದಕ್ಕೆ ಒಂದು ವಾರ ಹೋಯಿತು. ಬಿದಿರಿನ ಗಳ ಅಗ್ಗ, ನೀರಿಗೆ ಬಿದ್ದರೂ ತೇಲುತ್ತದೆ. ಆದರೆ ಅದರ ದಪ್ಪಕ್ಕೆ ಗಟ್ಟಿ ಮರಳಿನಲ್ಲಿ ಇಳಿಯುವುದಿಲ್ಲ, ವರ್ಷದೊಳಗೆ ಸೀಳುತ್ತದೆ. ಒಂದು ಇಂಚಿನ ಜಿಐ ಪೈಪು ಮೀಟರಿಗೆ ಸುಮಾರು 2.4 ಕೆ.ಜಿ. ತೂಗುತ್ತದೆ. ಎಂಟು ಅಡಿಗೆ ಆರು ಕೆ.ಜಿ. ಹತ್ತಿರ. ಒಮ್ಮೆ ಬಾಗಿದರೆ ಬಾಗಿದ್ದೇ. 25 ಮಿ.ಮೀ. ದಪ್ಪದ ಗಟ್ಟಿ ಫೈಬರ್ ಗ್ಲಾಸ್ ಸರಳು ಅಷ್ಟೇ ಉದ್ದಕ್ಕೆ ಎರಡೂಕಾಲು ಕೆ.ಜಿ. ಮಾತ್ರ. ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಅದನ್ನೇ ತರಿಸಿದೆ.

ಉದ್ದದ ಲೆಕ್ಕ ಹೀಗೆ: ನೀರು 1.2 ಮೀಟರ್, ನೀರಿನಿಂದ ದೋಣಿಯಲ್ಲಿ ಕೋಲು ತೂರಿಸುವ ಬಳೆವರೆಗೆ ಅರ್ಧ ಮೀಟರ್, ನೆಲದೊಳಗೆ 60 ಸೆಂ.ಮೀ. ಒಟ್ಟು 2.3. ಸರಳು 2.4 ಮೀಟರ್. ಮೇಲೆ ಹಿಡಿಯಲು ಅಡ್ಡ ಹಿಡಿಕೆ. ಇದಕ್ಕಿಂತ ಆಳದ ನೀರಿಗೆ ಹಳೆಯ ಲಂಗರೇ.

ಜೂನ್

ಈ ತಿಂಗಳು ಅರ್ಧ ಕಾಯುವುದರಲ್ಲೇ ಹೋಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಬೋಟಿನವರೆಲ್ಲ ರಿಪೇರಿಗೆ ನಿಂತಿರುತ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ ಕೋಲು ಹಿಡಿಯುವ ನನ್ನ ಸಣ್ಣ ಬ್ರಾಕೆಟ್‌ಗೆ ಸರದಿ ಬಂದದ್ದು ಮೂರನೇ ವಾರ. ಕೆಲಸ ಚೆನ್ನಾಗಿ ಮಾಡಿಕೊಟ್ಟರು. ತಟ್ಟೆ, ಅದಕ್ಕೆ ಒಂದರ ಕೆಳಗೆ ಒಂದು ಎರಡು ಬಳೆ, ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಉಪ್ಪು ನೀರಿನಲ್ಲಿ 304 ದರ್ಜೆಯದ್ದು ಬೇಗ ತುಕ್ಕಿನ ಚುಕ್ಕೆ ಹಿಡಿಯುತ್ತದೆ. ಅಯಸ್ಕಾಂತ ಇಟ್ಟು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಬೋಲ್ಟಿನಲ್ಲಿ ಮಾತ್ರ ಸುಲಭ, ತಲೆಯ ಮೇಲೆ ಎ4 ಅಂತ ಇದ್ದರೆ 316ರ ಜಾತಿ, ಎ2 ಅಂತ ಇದ್ದರೆ 304ರದ್ದು.

ಹಿಂದಿನ ಹಲಗೆಗೆ, ಅಂದರೆ ಎಂಜಿನ್ ಕೂರುವ ಟ್ರಾನ್ಸಮ್‌ಗೆ, ಮೊದಲ ತೂತು ಕೊರೆದೆ. ಡ್ರಿಲ್ ಬಿಟ್‌ನ ಜೊತೆ ಹೊರಗೆ ಬಂದದ್ದು ಕಪ್ಪಗೆ ಒದ್ದೆಯಾದ ಪ್ಲೈವುಡ್ ಪುಡಿ. ಕೈಯಲ್ಲಿ ಹಿಸುಕಿದರೆ ನೀರು. ಎದೆ ಝಲ್ಲೆಂದಿತು. ನೋಡಿದರೆ ದೋಣಿಯನ್ನು ನನಗಿಂತ ಮೊದಲು ಇಟ್ಟುಕೊಂಡಿದ್ದವರು ಏನನ್ನೋ ಕೂರಿಸಿ ತೆಗೆದ ಎರಡು ಸ್ಕ್ರೂ ತೂತುಗಳು ಹಾಗೇ ಬಿಟ್ಟಿದ್ದವು, ಮೇಲೆ ಬರೀ ಪೇಂಟು. ಒಳಗಿನ ಪ್ಲೈವುಡ್ ಅಲ್ಲಿಂದ ನೀರು ಕುಡಿಯುತ್ತಾ ಬಂದಿದೆ. ಸುತ್ತಿಗೆಯ ಹಿಡಿಕೆಯಿಂದ ಇಂಚಿಂಚು ತಟ್ಟಿ ನೋಡಿದೆ. ಒಳ್ಳೆಯ ಕಡೆ ಟಕ್ ಅನ್ನುತ್ತದೆ, ಒದ್ದೆ ಕಡೆ ಮಂಕು ಸದ್ದು. ಪುಣ್ಯಕ್ಕೆ ಕೆಟ್ಟದ್ದು ಅಂಗೈ ಅಗಲ ಮಾತ್ರ, ಎಂಜಿನ್ ಕೂರುವ ಜಾಗ ಗಟ್ಟಿಯಾಗಿತ್ತು.

ಜುಲೈ, ಆಗಸ್ಟ್, ಸೆಪ್ಟೆಂಬರ್

ಕರಾವಳಿಯ ಮಳೆಗಾಲದಲ್ಲಿ ಎಪಾಕ್ಸಿ ಅಂಟಿನ ಕೆಲಸ ಮಾಡಬಾರದು. ಒದ್ದೆ ಮರಕ್ಕೆ ಅದು ಅಂಟುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಜಿಡ್ಡಿನ ಪದರ ಬರುತ್ತದೆ, ಅದರ ಮೇಲೆ ಇನ್ನೊಂದು ಪದರ ಕೂರುವುದಿಲ್ಲ. ಕೊಳೆತ ಭಾಗವನ್ನು ಒಳಗಡೆಯಿಂದ ಕತ್ತರಿಸಿ ತೆಗೆದೆ. ದೋಣಿಯನ್ನು ಶೆಡ್ಡಿನೊಳಗೆ ಎಳೆದು, ಆ ಗುಂಡಿಯ ಎದುರು 60 ವ್ಯಾಟಿನ ಹಳೇ ಬಲ್ಬು ಉರಿಸಿ ಬಿಟ್ಟೆ. ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲು ಬಂದ ಮೇಲೆ ಹೊಸ ಮರೈನ್ ಪ್ಲೈ ತುಂಡು, ಎಪಾಕ್ಸಿ, ಮೇಲೆ ಮೂರು ಪದರ ಗ್ಲಾಸ್ ಬಟ್ಟೆ.

ಬೋಲ್ಟಿನ ತೂತಿನ ವಿಷಯ ದೋಣಿ ಇರುವವರೆಲ್ಲ ಗಮನಿಸಬೇಕು. 8 ಮಿ.ಮೀ. ಬೋಲ್ಟಿಗೆ ನೇರವಾಗಿ ತೂತು ಕೊರೆಯಲಿಲ್ಲ. ಮೊದಲು 14 ಮಿ.ಮೀ. ತೂತು. ಹಿಂದೆ ಟೇಪು ಅಂಟಿಸಿ, ಸಿಲಿಕಾ ಪುಡಿ ಸೇರಿಸಿದ ಗಟ್ಟಿ ಎಪಾಕ್ಸಿ ತುಂಬಿದೆ. ಅದು ಕಲ್ಲಿನ ಹಾಗೆ ಆದ ಮೇಲೆ ನಟ್ಟನಡುವೆ ಬೋಲ್ಟಿನ ತೂತು. ಇನ್ನು ಬೋಲ್ಟಿನ ಸುತ್ತ ನೀರು ತಡೆಯುವ ಸೀಲೆಂಟ್ ಸೋತರೂ ನೀರು ಪ್ಲೈವುಡ್‌ಗೆ ಮುಟ್ಟುವುದಿಲ್ಲ. ಒಳಗಡೆ ಅಗಲದ ಸ್ಟೀಲ್ ತಟ್ಟೆ ಕೊಟ್ಟು, ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ ನಾಲ್ಕು ಬೋಲ್ಟ್ ಬಿಗಿದೆ. ಸ್ಟೀಲಿಗೆ ಸ್ಟೀಲ್ ನಟ್ ಬಿಗಿಯುವಾಗ ಮರೆ, ಅಂದರೆ ತಿರುಪಿನ ಗೆರೆಗಳು, ಕಚ್ಚಿಕೊಂಡು ಮತ್ತೆ ಬಿಚ್ಚಲಾಗದ ಹಾಗೆ ಆಗಬಹುದು. ಅದಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ ನಿಧಾನ ತಿರುಗಿಸಬೇಕು.

ಸರಳಿನ ತುದಿ ಚೂಪು ಮಾಡುವಾಗ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇರಲೇಬೇಕು. ಗಾಜಿನ ಪುಡಿ ಅದು. ಬಿಸಿಲಿಗೆ ಮೇಲ್ಮೈ ಸವೆದರೆ ಎಳೆಗಳು ಎದ್ದು ಕೈಗೆ ಚುಚ್ಚುತ್ತವೆ, ಹಾಗಾಗಿ ಪೂರ್ತಿ ಸರಳಿಗೆ ಬಣ್ಣ ಕೊಟ್ಟೆ. ಕೈಜಾರಿದರೆ ಇದು ಮುಳುಗುತ್ತದೆ. ಹಿಡಿಕೆಗೆ ಒಂದು ದಾರ, ದಾರಕ್ಕೆ ಬಲೆಯ ತೇಲು.

ಅಕ್ಟೋಬರ್, ಮೂರನೇ ವಾರ

ಮೊದಲ ಪರೀಕ್ಷೆ. ಮರಳಿನಲ್ಲಿ ಅತ್ತಿತ್ತ ಅಲ್ಲಾಡಿಸುತ್ತಾ ಒತ್ತಿದರೆ ಸಲೀಸಾಗಿ ಇಳಿಯಿತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬದಿಯ ಹೂಳಿನಲ್ಲಿ ಮಾತ್ರ ಹಿಡಿಯಲೇ ಇಲ್ಲ, ಹಿಡಿಕೆವರೆಗೂ ಹೋಯಿತು. ಅಲ್ಲಿ ಈ ಕೋಲು ಬೇಡ.

ಒಂದು ಗಂಟೆ ಕಳೆಯುವಷ್ಟರಲ್ಲಿ ಬ್ರಾಕೆಟ್ ಕಿರ್ ಕಿರ್ ಅನ್ನಲು ಶುರುವಾಯಿತು. ಅಲೆಗೆ ದೋಣಿ ಓಲಿದಾಗಲೆಲ್ಲ ಹಿಂದಿನ ಹಲಗೆ ಅಲುಗಿದ ಹಾಗೆ ಅನಿಸಿತು. ಭರತದ ನೀರು ಏರುತ್ತಿತ್ತು, ದೋಣಿಯ ಹಿಂಬದಿ ಮಾತ್ರ ಏರದೆ ಕೋಲಿಗೆ ಸಿಕ್ಕಿಕೊಂಡಿತ್ತು. ಎತ್ತಿಕೊಂಡು ವಾಪಸ್ ಬಂದೆ.

ದಡದಲ್ಲಿದ್ದ ದೊಡ್ಡಪ್ಪ ಬ್ರಾಕೆಟ್ ಮುಟ್ಟಿ ನೋಡಿದರು. ಅವರದ್ದು ಗಳ ಊರಿ ದೋಣಿ ನಡೆಸಿದ ಜೀವ.

"ಇದನ್ನ್ ಎರಡ್ ಬದಿಯಂಗೆ ಹಿಡ್ದ್ ಕಟ್ಟಿದ್ಯಲೆ ಮಗಾ. ದೋಣಿ ಏರುಕೆ ಇಳುಕೆ ಜಾಗ ಬಿಡ್ಕ್."

ತಪ್ಪು ಅಲ್ಲೇ ಇತ್ತು. ಎರಡು ಬಳೆ ಇದ್ದರೆ ಕೋಲು ದೋಣಿಗೆ ನೆಟ್ಟಗೆ ಬಿಗಿದ ಹಾಗೆ. ದೋಣಿ ಓಲಿದಾಗ ಕೋಲು ಹಾರೆಯಾಗಿ ಬೋಲ್ಟುಗಳನ್ನು ಮೀಟುತ್ತದೆ. ಒಂದೇ ಬಳೆ, ಅದೂ ಸಡಿಲವಾಗಿದ್ದರೆ, ಕೋಲು ಅದರೊಳಗೆ ಓರೆಯಾಗಬಹುದು, ನೀರು ಏರಿದರೆ ಬಳೆ ಕೋಲಿನ ಮೇಲೆ ಜಾರಬಹುದು. ಹಲಗೆಗೆ ಬರುವುದು ಪಕ್ಕದ ಎಳೆತ ಮಾತ್ರ.

ನವೆಂಬರ್

ಕೆಳಗಿನ ಬಳೆ ಕತ್ತರಿಸಿ ತೆಗೆಸಿದೆ. ಮೇಲಿನದನ್ನು 40 ಮಿ.ಮೀ. ಒಳ ಅಗಲಕ್ಕೆ ಬದಲಾಯಿಸಿ, ಒಳಗೆ ಬೈಕಿನ ಹಳೇ ಟ್ಯೂಬಿನ ರಬ್ಬರ್ ಅಂಟಿಸಿದೆ. ಈಗ ಸದ್ದೇ ಇಲ್ಲ. ಬಳೆಯನ್ನು ಬ್ರಾಕೆಟ್‌ಗೆ ಕೂಡಿಸುವುದು ಎರಡು ನೈಲಾನ್ ಬೋಲ್ಟ್. ಅತಿಯಾದ ಎಳೆತ ಬಂದರೆ ಅವು ಮುರಿಯಲಿ, ಹಲಗೆ ಉಳಿಯಲಿ. ಗಾಳದ ಡಬ್ಬದಲ್ಲಿ ನಾಲ್ಕು ಹೆಚ್ಚಿಗೆ ಇಟ್ಟಿದ್ದೇನೆ.

ಎಳೆತದ ಲೆಕ್ಕವನ್ನೂ ಮಾಡಿದೆ. ಸೆಕೆಂಡಿಗೆ ಅರ್ಧ ಮೀಟರ್ ಸೆಳೆತ ದೋಣಿಯ ಪಕ್ಕಕ್ಕೆ ಬಡಿದರೆ ಸುಮಾರು 16 ಕೆ.ಜಿ. ಎಳೆದ ಹಾಗೆ. ಸೆಳೆತ ಒಂದು ಮೀಟರ್ ಆದರೆ ಅದರ ನಾಲ್ಕು ಪಟ್ಟು, 64 ಕೆ.ಜಿ. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ಅಳಿವೆಯ ಹತ್ತಿರ ಈ ಕೋಲು ಊರುವುದಿಲ್ಲ ಅಂತ ತೀರ್ಮಾನಿಸಿದ್ದು ಇದನ್ನು ನೋಡಿಯೇ. ಹಿಂಬದಿಯಿಂದ ದೋಣಿ ಕಟ್ಟಿ ಜೋರು ಸೆಳೆತಕ್ಕೆ ಕೊಟ್ಟರೆ ಹಲಗೆಯ ಮೇಲಿಂದ ನೀರು ಒಳಗೆ ನುಗ್ಗುತ್ತದೆ, ಎಂಜಿನ್ನಿನ ಭಾರ ಇರುವುದೂ ಅಲ್ಲೇ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸೆಳೆತ ಇದ್ದಲ್ಲಿ ಮೂತಿಯಿಂದಲೇ ಲಂಗರು.

ಕಳೆದ ಭಾನುವಾರ ಬೆಳಿಗ್ಗೆ ಮೂರೂವರೆ ಅಡಿ ನೀರಿನಲ್ಲಿ ಕೋಲು ಊರಿ ಕೂತೆ. ನೀರು ಏರುತ್ತಾ ಹೋಯಿತು, ಬಳೆ ಸದ್ದಿಲ್ಲದೆ ಕೋಲಿನ ಮೇಲೆ ಜಾರುತ್ತಾ ಹೋಯಿತು. ಐದು ನಿಮಿಷಕ್ಕೆ ಮೊದಲ ಕಾಣೆ, ಬೆಳಿಗ್ಗೆ ಎಂಟರ ಒಳಗೆ ಒಟ್ಟು ಹನ್ನೊಂದು. ಒಂದೇ ಕೋಲಾದ್ದರಿಂದ ಗಾಳಿಗೆ ದೋಣಿ ಅದರ ಸುತ್ತ ಸ್ವಲ್ಪ ತಿರುಗುತ್ತದೆ. ಮೂತಿಯ ಬದಿಗೆ ಇನ್ನೊಂದು ಬೇಕು. ಎರಡನೇ ಸರಳಿನ ತುದಿ ನಿನ್ನೆ ಚೂಪು ಮಾಡಿದೆ, ಶೆಡ್ಡಿನಲ್ಲಿ ಅದರ ಬಣ್ಣ ಒಣಗುತ್ತಿದೆ.