ಅಡ್ಮಿಷನ್ ಫಾರ್ಮಿನ ಎರಡು ಕಾಲಂ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಹತ್ತಿರದ ಒಂದು ಸರ್ಕಾರಿ ಶಾಲೆಯ ಆಫೀಸಿನಲ್ಲಿ ಮಕ್ಕಳ ಅಡ್ಮಿಷನ್ ನೋಡಿಕೊಳ್ಳುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಹೊಂಡುರಾಸ್‌ನಿಂದ ಬಂದ ತಾಯಿಯೊಬ್ಬರು ಏಳು ವರ್ಷದ ಮಗಳ ಕೈ ಹಿಡಿದು ಕೌಂಟರ್ ಮುಂದೆ ನಿಂತಿದ್ದರು. ಫಾರ್ಮ್ ಕೊಟ್ಟು, ನನಗೆ ಬರುವ ಚೂರುಪಾರು ಸ್ಪ್ಯಾನಿಷಿನಲ್ಲಿ "ಯಾವ ಕಾಲಮ್ಮೂ ಖಾಲಿ ಬಿಡಬೇಡಿ" ಎಂದೆ. ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆಯ ಕಾಲಂ ಹತ್ತಿರ ಅವರ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಫಾರ್ಮನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡು, ನಾಳೆ ಬರುತ್ತೇನೆಂದು ಹೋದರು. ಬಂದದ್ದು ಒಂಬತ್ತು ದಿನ ಬಿಟ್ಟು, ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು.

ಅಸಲಿಗೆ ಆ ನಂಬರ್ ಕೊಡಲೇಬೇಕು ಅಂತಿಲ್ಲ. ಇಲ್ಲದ ಮಗುವಿಗೆ ಟೆಕ್ಸಾಸ್ ತನ್ನದೇ ಒಂದು ಐಡಿ ಕೊಡುತ್ತದೆ. ವಲಸೆಯ ದಾಖಲೆ ಇಲ್ಲದ ಮಕ್ಕಳ ಓದುವ ಹಕ್ಕಿಗೆ ಹೋರಾಟ ನಡೆದದ್ದೂ ಇದೇ ರಾಜ್ಯದಲ್ಲಿ. ಅಂಥ ಮಕ್ಕಳ ಓದಿಗೆ ರಾಜ್ಯದ ಹಣ ಇಲ್ಲ ಎಂದು 1975ರಲ್ಲಿ ಕಾನೂನು ಬಂತು. ಟೈಲರ್ ಊರಿನ ಶಾಲೆಗಳು ಅಂಥ ಮಕ್ಕಳಿಗೆ ವರ್ಷಕ್ಕೆ 1,000 ಡಾಲರ್ ಫೀಸ್ ಹಾಕಿದವು. ಕೇಸು ಹಾಕಿದ ಮೆಕ್ಸಿಕನ್ ಕುಟುಂಬಗಳು, ಅಲ್ಲಿಂದಲೇ ಗಡೀಪಾರು ಮಾಡಿದರೆ ಅಂತ, ಕಾರಿಗೆ ಸಾಮಾನು ತುಂಬಿಕೊಂಡೇ ಕೋರ್ಟಿಗೆ ಬಂದಿದ್ದವು. 1982ರಲ್ಲಿ ಪ್ಲೈಲರ್ ವರ್ಸಸ್ ಡೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಅಷ್ಟು ಕಷ್ಟಪಟ್ಟು ತೆರೆಸಿದ ಬಾಗಿಲನ್ನು ನಾನು ಒಂದೇ ಮಾತಿನಲ್ಲಿ ಒಂಬತ್ತು ದಿನ ಮುಚ್ಚಿದ್ದೆ.

ಶಾಲೆಗೂ ನಷ್ಟವೇ. ಇಲ್ಲಿ ರಾಜ್ಯದ ಹಣ ಬರುವುದು ಹಾಜರಾತಿ ಲೆಕ್ಕದಲ್ಲಿ. ಮಗು ಬೆಂಚಿನ ಮೇಲೆ ಕೂತಿದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ.

ಎರಡನೇ ಕಾಲಂ ನಮ್ಮವರದು. ಮನೆಯಲ್ಲಿ ಯಾವ ಭಾಷೆ ಜಾಸ್ತಿ ಮಾತಾಡುತ್ತೀರಿ ಅಂತ ಫಾರ್ಮ್ ಕೇಳುತ್ತದೆ. ಕನ್ನಡದ ಅಪ್ಪ ಅಮ್ಮಂದಿರು ಎಷ್ಟೋ ಸಲ 'ಇಂಗ್ಲಿಷ್' ಎಂದು ಬರೆಯುತ್ತಾರೆ. ಬರೆಯುತ್ತಲೇ ಮಗನಿಗೆ "ಸುಮ್ನೆ ಕೂತ್ಕೋ ಪುಟ್ಟ" ಅನ್ನುತ್ತಿರುತ್ತಾರೆ! ಮಗುವನ್ನು ದಡ್ಡರ ಕ್ಲಾಸಿಗೆ ಹಾಕಿಬಿಡುತ್ತಾರೆ ಅನ್ನುವ ಭಯ. ಹಾಗೇನಿಲ್ಲ. ಬೇರೆ ಭಾಷೆ ಬರೆದರೆ ಮಗುವಿನ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿ ಬಂದರೆ ಮುಗಿಯಿತು. ಬರದಿದ್ದರೆ ವಿಶೇಷ ಪಾಠ ಸಿಗುತ್ತದೆ, ಬೇಡ ಎನ್ನುವ ಹಕ್ಕೂ ಪೋಷಕರಿಗಿದೆ. ಆ ಪಾಠಕ್ಕಾಗಿ ಶಾಲೆಗೆ ಮೂಲ ಅನುದಾನದ ಜೊತೆಗೆ ಅದರ ಶೇಕಡಾ 10ರಷ್ಟು ಹಣ ಬರುತ್ತದೆ. ಮೂಲ ಅನುದಾನ ಅಂದರೆ, 2019ರಲ್ಲಿ ನಿಗದಿಯಾದಾಗ, ಒಂದು ಮಗುವಿಗೆ 6,160 ಡಾಲರ್. 'ಇಂಗ್ಲಿಷ್' ಅಂತ ಬರೆದರೆ ಪಾಠವೂ ತಪ್ಪುತ್ತದೆ, ಹಣವೂ ತಪ್ಪುತ್ತದೆ.

ಈಗ ಫಾರ್ಮ್ ಕೊಡುವ ಮೊದಲೇ ನಂಬರಿನ ಕಾಲಂ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, "ಇದು ಬೇಕಾಗಿಲ್ಲ" ಎಂದು ಮುಖ ನೋಡಿ ಹೇಳುತ್ತೇನೆ. ನಮ್ಮವರು ಬಂದರೆ "ಮನೇಲಿ ಏನ್ ಮಾತಾಡ್ತೀರಿ?" ಅಂತ ಕನ್ನಡದಲ್ಲೇ ಕೇಳುತ್ತೇನೆ. ಉತ್ತರವೂ ಕನ್ನಡದಲ್ಲೇ ಬರುತ್ತದೆ. ಹಾಗಾದ್ರೆ ಅದನ್ನೇ ಬರೀರಿ ಅನ್ನುತ್ತೇನೆ.