ದೇವಿಯ ಕೈಗೆ ವಾಚು ಕಟ್ಟಿದ್ದು

ಮೇಷ್ಟ್ರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ಕೆಳಗೆ ಸಾಲುಗಟ್ಟಿ ಮುಗಿದ ಕೈಗಳು ಬಿದ್ದವು. ನಾಲ್ಕು ಮಾತು ಬರೆದವರಿಲ್ಲ. ಆ ಬಾಕಿಯನ್ನು ಸಂಪಾದಕರು ನನ್ನ ತಲೆಗೆ ಕಟ್ಟಿದ್ದಾರೆ.

ಮೈಸೂರಿನ ಆ ಕಲಾಶಾಲೆಯಲ್ಲಿ ಮೇಷ್ಟ್ರು ನಮಗೆ ಮೈಸೂರು ಸಂಪ್ರದಾಯದ ಚಿತ್ರಕಲೆ ಕಲಿಸುವಾಗ ಬರೆದುಕೊಂಡ ನೋಟ್ಸೆಲ್ಲ ಎಲ್ಲಿ ಹೋಯಿತೋ. ಕಿವಿಯಲ್ಲಿ ಉಳಿದಿರುವುದು ಮಕ್ಕಿ ಸಫೇದ ಅರೆಯುವ ಸದ್ದು. ಸಫೇದ ಎಂಬ ಬಿಳಿ ಬಣ್ಣದ ಪುಡಿ, ಮಕ್ಕಿ ಎಂಬ ಹಳದಿ ಮರದಂಟು, ಅಂಟು ಸೇರಿಸಿ ನುಣ್ಣಗೆ ಅರೆದು, ಒಡವೆ, ಸೆರಗಿನ ಅಂಚುಗಳ ಮೇಲೆ ಕುಂಚದಲ್ಲೇ ತೆಳ್ಳಗೆ ಉಬ್ಬು ಎತ್ತಬೇಕು. ಅದರ ಮೇಲೆ ಚಿನ್ನದ ರೇಕು. ತಂಜಾವೂರಿನವರ ಹಾಗೆ ದಪ್ಪಗೆ ಎತ್ತಿದರೆ 'ಇದೇನು, ಒಡವೆ ಅಂಗಡಿಯೋ?' ಎನ್ನುತ್ತಿದ್ದರು.

ಎದುರು ಕೋಣೆಯಲ್ಲಿ ಬರೋಡದಲ್ಲಿ ಆಧುನಿಕ ಕಲೆ ಓದಿ ಬಂದ ಇನ್ನೊಬ್ಬ ಮೇಷ್ಟ್ರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೈಸೂರಿನ ಹಿರಿಯ ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರು ಬಂದರಂತೂ ಜಗಳ ಖಾತ್ರಿ. ಅರಮನೆ ಚಿತ್ರಕಾರರ ಮನೆತನ, ನಮ್ಮವರು ಎಂದು ನಮ್ಮ ಮೇಷ್ಟ್ರು; ಕಲ್ಕತ್ತೆಗೆ ಹೋಗಿ ಹೊಸ ಕಲೆಯ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು ಎಂದು ಬರೋಡದವರು.

ಒಂದು ದಿನ ನಾನು ಬರೆಯುತ್ತಿದ್ದ ಚಿತ್ರದಲ್ಲಿ ರಾಜರಾಜೇಶ್ವರಿ ದೇವಿಯ ಬಳೆಗಳ ಪಕ್ಕದಲ್ಲಿ ಒಂದು ಎಚ್‌ಎಂಟಿ ವಾಚು ಕಟ್ಟಿದೆ. ಉಬ್ಬು, ರೇಕು ಎಲ್ಲ ಶಾಸ್ತ್ರೋಕ್ತ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಇಡೀ ತರಗತಿ ಉಸಿರು ಬಿಗಿಹಿಡಿದಿತ್ತು.

'ಮುಳ್ಳು ದಪ್ಪ ಆಯ್ತಲ್ಲೋ. ಕೆರೆದು ಇನ್ನೊಂದ್ಸಲ ಎಳಿ.'

ಮೂರು ಸಲ ಕೆರೆಸಿದರು. ಎದುರು ಕೋಣೆಯವರಿಗೆ ಸುದ್ದಿ ಮುಟ್ಟಿ, ಓಡಿ ಬಂದು, ಸಂಪ್ರದಾಯವನ್ನೇ ಒಡೆದಿದ್ದೀಯ, ಗ್ಯಾಲರಿಗೆ ಕಳಿಸೋಣ ಎಂದು ಬೆನ್ನು ತಟ್ಟಿದರು. ನಮ್ಮವರು ತಲೆಯೆತ್ತದೆ, 'ಒಡೆದಿಲ್ಲ ಸ್ವಾಮಿ, ಈಗಷ್ಟೇ ಗೆರೆ ನೆಟ್ಟಗಾಗ್ತಿದೆ' ಎಂದರು. ಸಂಪ್ರದಾಯದವರು ಕೈ ಕಟ್ಟಿಹಾಕುತ್ತಾರೆ ಎನ್ನುವವರು ಆ ದಿನ ಅಲ್ಲಿರಬೇಕಿತ್ತು. ನಾನು ಕಂಡಂತೆ, ಹೀಗೇ ಮಾಡು ಎಂದು ಹೆಚ್ಚು ಹಟ ಹಿಡಿಯುತ್ತಿದ್ದವರು ಬರೋಡದ ಮೇಷ್ಟ್ರೇ.

ಆ ವಾಚಿನ ದೇವಿಯಿಂದಲೇ ನನಗೆ ಒಂದಿಷ್ಟು ಹೆಸರು ಬಂದದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ಮೇಷ್ಟ್ರನ್ನು ಮಾತ್ರ ಗ್ಯಾಲರಿಯವರು ಚಿತ್ರ ಕೊಡಿ ಎಂದು ಕೇಳಲಿಲ್ಲ. ಮೇಳದಲ್ಲಿ ಚಾಪೆ ಹಾಕಿ ಕೂತು, ಬಂದವರಿಗೆ ಬರೆದು ತೋರಿಸಿ ಎಂದು ಕರೆಯುತ್ತಿದ್ದರು. ಪಕ್ಕದಲ್ಲಿ ಚನ್ನಪಟ್ಟಣದ ಬೊಂಬೆಗಳ ಮಳಿಗೆ. ಹೋಗಿ ಕೂರುತ್ತಿದ್ದರು, ಪಾಪ.

ಈಗಿನ ಮಕ್ಕಳಿಗೆ ಅರೆಯುವ ಕಷ್ಟವಿಲ್ಲ, ಎಲ್ಲ ಟ್ಯೂಬಿನಲ್ಲಿ ಬರುತ್ತದೆ. ಚಿತ್ರಕ್ಕಿಂತ ಮೊದಲು ಅದರ ವಿವರಣೆ ಬರೆಸುತ್ತಾರಂತೆ. ಹೋದ ತಿಂಗಳು ಸಮಕಾಲೀನ ಕಲೆಯ ಪ್ರದರ್ಶನವೊಂದಕ್ಕೆ ಆಹ್ವಾನ ಬಂದಿತ್ತು. ನನ್ನದರ ಜೊತೆಗೆ ಮೇಷ್ಟ್ರ ಎರಡು ಚಿತ್ರಗಳನ್ನೂ ಅದೇ ಗೋಡೆಗೆ ಹಾಕುವುದಾದರೆ ಬರುತ್ತೇನೆ ಎಂದು ಬರೆದೆ. ಉತ್ತರ ಬಂದಿಲ್ಲ.